ಅರವತ್ತೊಂದು ಬೀಜ

ಮೂವತ್ತು ವರ್ಷದಿಂದ ಮಾಟುಂಗಾದಲ್ಲಿ
ಬೀಜ ಹುರಿಯುತ್ತೇನೆ, ಪುಡಿ ಮಾಡುತ್ತೇನೆ.
ಕಾಫಿ ಗಿಡ ಕಂಡವನಲ್ಲ.
ಬೆಟ್ಟಗಳೆಲ್ಲ ನನ್ನ ಬಳಿಗೆ ಗೋಣಿಯಲ್ಲಿ ಬಂದವು,
ಬಾಯಿ ಹೊಲಿಸಿಕೊಂಡು,
ವಾಡಿಬಂದರದ ಹಮಾಲರ ಬೆನ್ನೇರಿ.

ಕೆಂಟ್ ಎನ್ನುವುದು ಹಳೇ ತಳಿ.
ರೋಗಕ್ಕೆ ಬೇಗ ಬಗ್ಗುತ್ತದೆಂದು
ಎಷ್ಟೋ ತೋಟದಲ್ಲಿ ಕಿತ್ತರಂತೆ.
ಉಳಿದದ್ದರಲ್ಲಿ ಗಿರಿಯಿಂದ ಬಂದದ್ದು
ಒಣದ್ರಾಕ್ಷಿಯ ತೊಟ್ಟು ಕಚ್ಚಿದ ಹಾಗೆ:
ಒಗರಿನ ಹಿಂದೆ ಸಿಹಿ,
ಸಾಲ ಕೇಳಲು ಬಂದು ಬಾಗಿಲಲ್ಲೇ ನಿಂತವನಂತೆ.
ಏರ್ಕಾಡಿನದು ನಾಲಗೆಯ ಎರಡೂ ಅಂಚಿಗೆ
ಹುಳಿ ಸವರಿ ಓಡಿಬಿಡುತ್ತದೆ.
ಬಿಳಿಗಿರಿರಂಗನ ಬೆಟ್ಟದ್ದಕ್ಕೆ
ಜೇನು ಹಿಂಡಿದ ಮೇಲೆ ಉಳಿದ ಮೇಣದ ವಾಸನೆ.
ತಾಯಿ ಒಬ್ಬಳೇ. ಹೆಣ್ಣುಮಕ್ಕಳನ್ನು
ಮೂರು ಊರಿಗೆ ಕೊಟ್ಟಾಗಿದೆ,
ಈಗ ಮಾತು ಆಯಾ ಊರಿನದು.

ತೈಲಾ ಮಾಮಿಗೆ ಇದೆಲ್ಲ ಬೇಡ.
"ಚಿಕೋರಿ ಎಷ್ಟು ಹಾಕಿದೆ?" ಅಷ್ಟೇ.
ಪುಣೆಯಿಂದ ಬರುವ ಹುಡುಗ, ನಿಷಾದ ಪರಚುರೆ,
ಚಮಚದಲ್ಲಿ ಸೊರ್ರೆಂದು ಹೀರಿ, ಉಗುಳಿ,
ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ:
ಕಿತ್ತಳೆ ಸಿಪ್ಪೆ, ಮಲ್ಲಿಗೆ, ಹಸಿ ಬಾದಾಮಿ.
"ಮಣ್ಣು, ನೆರಳು, ಎತ್ತರ, ಕಾಕಾ.
ಮೇಲೆ ಹೋದಷ್ಟೂ ಹಣ್ಣು ನಿಧಾನ.
ಆ ನಿಧಾನವೇ ರುಚಿ."
ಹಾಗಾದರೆ ವಡಾಲದಲ್ಲಿ? ಎಂದೆ.
ನಕ್ಕ. ನಾನೂ ನಕ್ಕೆ.

ಯಂತ್ರದ ಕಣ್ತಪ್ಪಿಸಿ ಪೊರೆ ಹೊದ್ದೇ ಬಂದ
ಗಿರಿಯ ನಾಲ್ಕು ಬೀಜ ಆ ಸಂಜೆ ನನ್ನ ಜೇಬಿಗೆ ಬಿದ್ದವು.
(ಬಿದ್ದವು ಅಂದರೆ, ಹಾಕಿಕೊಂಡೆ.)
ಎಣ್ಣೆ ಡಬ್ಬ, ಮೂರನೇ ಮಾಳಿಗೆಯ ಗ್ಯಾಲರಿ,
ಹಾರ್ಬರ್ ಲೈನಿನ ಧೂಳು,
ಪಕ್ಕದ ಹಗ್ಗದ ಮೇಲೆ
ಚಂಪಾಬಾಯಿ ತಾಂಡೇಲಳ ಒಣಬೊಂಬಿಲು.
ಮೂರು ಸತ್ತವು. ನಾಲ್ಕನೆಯದು
ಬದುಕುವುದೋ ಬೇಡವೋ ಎಂದು
ನಾಲ್ಕು ವರ್ಷ ಯೋಚಿಸಿತು.

ಮಾರ್ಚಿಯಲ್ಲಿ ಗಿರಿಗೆ ಹೂಮಳೆಯಂತೆ.
ನಮಗೆ ನಲ್ಲಿ,
ಬೆಳಗ್ಗೆ ನಾಲ್ಕೂವರೆಯಿಂದ ಐದೂಕಾಲು.
ಗುಲಾಬಿ ತಿಂಗಳಿಡೀ ಗಿಡವನ್ನು ಬಾಯಾರಿಸಿ
ಒಂದು ಬೆಳಗ್ಗೆ ಬಕೆಟ್ಟು ಪೂರಾ ಸುರಿದಳು.
ಅವತ್ತು ನನಗೆ ಸ್ನಾನವಿಲ್ಲ.
ಒಂಬತ್ತನೇ ದಿನ
ಬೊಂಬಿಲಿನ ವಾಸನೆಯೊಳಗಿಂದ
ಇನ್ನೊಂದು ವಾಸನೆ, ಬೆಳ್ಳಗೆ.

ಮೂವತ್ತೊಂದು ಹಣ್ಣು.
ಒಂದರೊಳಗೆ ಒಂಟಿಬೀಜ.
ಒಟ್ಟು ಅರವತ್ತೊಂದು.
ನೆನೆಸಿ, ತೊಳೆದು,
ಪೇಪರಿನ ಮೇಲೆ ಹರವಿ ಕಾಗೆ ಕಾದೆ.
ಒಂಟಿಬೀಜವನ್ನು ಗುಲಾಬಿ ಎತ್ತಿಟ್ಟುಕೊಂಡಳು,
ಯಾಕೆಂದು ಹೇಳಲಿಲ್ಲ.
ಅಂಗಡಿಯ ಯಂತ್ರಕ್ಕೆ ಅಷ್ಟು ಹಲ್ಲುಸಂದಿಗೂ ಸಾಲದು.
ತವೆಯಲ್ಲಿ ಹುರಿದು, ಒರಳಲ್ಲಿ ಕುಟ್ಟಿ,
ಒಂದು ಲೋಟ. ಹಾಲು ಬೆರೆಸಲಿಲ್ಲ.

ಮೊದಲು ಏನೂ ಇಲ್ಲ.
ಅವಸರದಲ್ಲಿ ಮಾಗಿದ್ದು,
ಓಡಿ ಗಾಡಿ ಹಿಡಿದವನ ಉಸಿರಿನಷ್ಟು ತೆಳು.
ದ್ರಾಕ್ಷಿ ಇಲ್ಲ. ಬಾಗಿಲಲ್ಲಿ ನಿಂತಿದ್ದವನು
ಬೇಸತ್ತು ಹೊರಟುಹೋಗಿದ್ದ.
ನುಂಗಿಯಾದ ಮೇಲೆ, ಗಂಟಲ ಹತ್ತಿರ
ಚೂರು ಉಪ್ಪು,
ಬಿಸಿಲಿಗೆ ಕಾದ ಕಟಾಂಜನದ ಕಬ್ಬಿಣ,
ಮತ್ತೆ ಹೆಸರು ಗೊತ್ತಿಲ್ಲದ ಒಂದು.
ಚಂಪಾಬಾಯಿ ಮುಖ ಕಿವುಚಿ ಸಕ್ಕರೆ ಕೇಳಿದಳು.
ಗುಲಾಬಿ ಎರಡು ಗುಟುಕು ಕುಡಿದು
"ಇದು ನಮ್ಮ ನಲ್ಲಿಯದೇ" ಎಂದಳು.
ಹೊಗಳಿದಳೋ ತೆಗಳಿದಳೋ
ಮೂವತ್ತು ವರ್ಷದ ಈ ನಾಲಗೆಗೂ ತಿಳಿಯಲಿಲ್ಲ.

ಸೋಮವಾರ ಗಿರಿಯಿಂದ ಹೊಸ ಗೋಣಿ ಬಂತು.
ಹೊಲಿಗೆ ಬಿಚ್ಚಿ, ಒಂದು ಹಿಡಿ ಎತ್ತಿ,
ಎಂದಿನಂತೆ ಮೂಗಿಗೆ ಹಿಡಿದೆ.
ಅಲ್ಲಿ, ಪಕ್ಕದ ಹಗ್ಗದ ಮೇಲೆ,
ಯಾರದು, ಏನು
ಒಣಗುತ್ತಿತ್ತೋ?