ಸಾಸಿವೆ ಪುಡಿ

ತೋ-ಅಶೂ ಘಾಟಿಯ ಏಳನೇ ತಿರುವಿನಲ್ಲಿ
ಮುಳ್ಳು ಮತ್ತೆ ಕೆಂಪು ಮುಟ್ಟಿತು.
ಜುಲೈ ಬಿಸಿಲು. ಆದರೂ ಹೀಟರ್ ಹಾಕಿ, ಕಿಟಕಿ ಇಳಿಸಿ,
ಎಂಜಿನ್ನಿನ ಜ್ವರವನ್ನು ನಮ್ಮ ಮೊಣಕಾಲಿಗೆ ಎಳೆದುಕೊಂಡು
ಹತ್ತಿದೆವು, ಕುದುರೆ ಹಾಲು ಮಾರುವವಳ ಗುಡಾರದವರೆಗೆ.

"ಮುಚ್ಚಳ ಮುಟ್ಟಬೇಡ" ಎಂದ ಝಿರ್ಗಲ್.
ಅವನ ಮುಂಗೈ ಮೇಲೆ ಹಳೆಯ ಪಾಠ
ಇನ್ನೂ ನುಣ್ಣಗೆ ಹೊಳೆಯುತ್ತಿತ್ತು.
ಕಾದೆವು. ಕುದುರೆಮರಿಯೊಂದು ಬಂದು
ಬಾನೆಟ್ ಮೂಸಿ ಹೋಯಿತು.

ಫ್ಯಾನು ಸರಿ. ಬೆಲ್ಟು ಬಿಗಿ.
ಥರ್ಮೋಸ್ಟಾಟ್ ಹೋದ ತಿಂಗಳಷ್ಟೇ ಹೊಸದು.
ಆಮೇಲೆ ಅಂಗೈಯಿಟ್ಟು ನೋಡಿದ:
ಮೇಲಿನ ಪೈಪು ಕೆಂಡ,
ಕೆಳಗಿನದು ತೊರೆಯ ಕಲ್ಲಿನ ಹಾಗೆ ತಣ್ಣಗೆ.
"ನಡುವೆ ಕಟ್ಟಿದೆ. ಏನು ಹಾಕಿದ್ದೀರಿ ಇದಕ್ಕೆ?"

ಆಗ ನೆನಪಾಯಿತು. ಅಮ್ಮನಿಗೆ ನೋವು ಬಂದ ರಾತ್ರಿ,
ಇದೇ ಝಿಗುಲಿ, ಇದೇ ಘಾಟಿ,
ಸೋರುವ ರೇಡಿಯೇಟರಿಗೆ ಬೇಶೆನ್ ಮಾವ
ಒಂದು ಪೊಟ್ಟಣ ಸಾಸಿವೆ ಪುಡಿ ಸುರಿದನಂತೆ.
ಸೋರುವುದು ನಿಂತಿತು.
ನಾನು ರಸ್ತೆಯಲ್ಲಿ ಹುಟ್ಟಲಿಲ್ಲ.

ಬಿಚ್ಚಿ, ಬೋರಲು ಹಾಕಿ, ತೊರೆಯ ನೀರು ಹೊಯ್ದರೆ
ತುಕ್ಕು, ಕಂದು ಗಸಿ, ಮತ್ತೆ ಗಸಿ.
ಝಿರ್ಗಲ್ ಬೈಯುತ್ತಲೇ ಇದ್ದ, ಆ ಮಾವನನ್ನು.
ನಾನು ಒಂದು ಚಿಟಿಕೆ ತೆಗೆದು ಮೂಸಿದೆ.
ಘಾಟು ಯಾವಾಗಲೋ ಹೋಗಿತ್ತು.
ಘಾಟಿ ಇನ್ನೂ ಅರ್ಧ ಬಾಕಿ.