ಖಾಲಿ ಬಿಟ್ಟ ಮನೆ

ಮಲ್ಪೆಯಲ್ಲಿ ಐಸ್ ಪ್ಲಾಂಟಿನ ಮೇಲಿನ ಮಾಳಿಗೆಯಲ್ಲಿ
ನಮ್ಮದೊಂದು ಕೋಣೆ. ಮೂರು ಕುರ್ಚಿ, ಎರಡೂವರೆ ಜನ,
ಅರ್ಧ ದಿನ ಬರುವ ಶೈಲೇಶ ತಿಂಗಳಾಯನನ್ನೂ ಸೇರಿಸಿ.
ಬೋಟುಗಳಿಗೆ ಪೆಟ್ಟಿಗೆ ಮಾಡುತ್ತೇವೆ:
ಗಾಳಿ ಹೇಗುಂಟು, ಬಲೆ ಎಲ್ಲಿ ಬಿಟ್ಟದ್ದು, ಡೀಸೆಲ್ ಎಷ್ಟು ಉಳಿಯಿತು
ಎಂದು ದಡಕ್ಕೆ ಹೇಳುವ ಪೆಟ್ಟಿಗೆ.
ಅದರೊಳಗಿನ ನೆಟ್‌ವರ್ಕ್ ಕಾರ್ಡಿಗೆ
ಡ್ರೈವರ್ ಬರೆಯುವುದು ನನ್ನ ಪಾಲು.
ಕಾಲಡಿ ಹಗಲಿಡೀ ಮಂಜುಗಡ್ಡೆ ಪುಡಿಯಾಗುತ್ತದೆ,
ಕೀಬೋರ್ಡು ನಡುಗುತ್ತದೆ.

ಡ್ರೈವರ್ ಅಂದರೆ, ಅಮ್ಮನಿಗೊಮ್ಮೆ ಹೇಳಿದ್ದೆ,
ಚೆನ್ನೆಮಣೆ ಇದ್ದ ಹಾಗೆ.
ಕಾರ್ಡನ್ನು ಎಬ್ಬಿಸಲು ಒಂದು ಮನೆ, ಮಲಗಿಸಲು ಒಂದು,
ಪೊಟ್ಟಣ ಕಳಿಸಲು ಒಂದು, ವಿಳಾಸ ಬದಲಿಸಲು ಒಂದು.
ಮನೆ ಮನೆಗೂ ಒಂದು ಹೆಸರು ಇಡಬೇಕು.
ಕೆಲಸ ಬಿದ್ದಾಗ ಕರ್ನಲ್ ಬಂದು ಆ ಹೆಸರು ಹಿಡಿದು ಕರೆಯುತ್ತದೆ.
"ಮನೆಯಲ್ಲಿ ಯಾರೂ ಇಲ್ಲದಿದ್ದರೆ?"
ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ.
ಕೆಲವು ಕಡೆ ಇಣುಕಿ ನೋಡಿ ಸುಮ್ಮನೆ ಮುಂದೆ ಹೋಗುತ್ತದೆ.
ಕೆಲವು ಕಡೆ ನೋಡದೆ ಕಾಲಿಟ್ಟು
ಸೊನ್ನೆಯ ಬಾವಿಗೆ ಬೀಳುತ್ತದೆ, ಇಡೀ ಯಂತ್ರವನ್ನು ಎಳೆದುಕೊಂಡು.
ಅದಕ್ಕೇ ಊರೊಟ್ಟಿನ ಆಳುಗಳು ಕೆಲವರಿದ್ದಾರೆ,
ಡಿಫಾಲ್ಟ್ ಅನ್ನುತ್ತೇವೆ. ಸ್ವಂತ ಜನ ಇಲ್ಲದವರು
ಅವರ ಹೆಸರು ಬರೆದು ಚಹಾಕ್ಕೆ ಹೋಗಬಹುದು.
ನಾನೂ ಬರೆದೆ. ಹೋದೆ.

ರುಕ್ಮಯ ಮೆಂಡನ್ನರ ಹೊಸ ಬೋಟು.
ಹೊಸದೆಂತ, ಗಂಗೊಳ್ಳಿಯಿಂದ ತಂದ ಹಳತು,
ತಾಂಡೇಲ ದತ್ತು ಖಾರ್ವಿಯ ಸಮೇತ.
ಮೂತಿಯ ಮೇಲಿದ್ದ 'ಸಮುದ್ರ ದೀಪ' ಉಜ್ಜಿ ತೆಗೆದು
ಪೇಂಟರ್ ಇಗ್ನೇಶಿಯಸ್ ಹಳದಿಯಲ್ಲಿ 'ಕಡಲ ಕನ್ನಿಕೆ' ಎಂದು ಬರೆದಿದ್ದ,
ಕನ್ನಿಕೆಯ ಒತ್ತು ನೀರಿಗೆ ತಾಗುವಷ್ಟು ಉದ್ದ.
ಪೆಟ್ಟಿಗೆಗೂ ಹೊಸ ವಿಳಾಸ ಕೊಟ್ಟೆ, ಆರು ಜೋಡಿ ಅಂಕಿ ಅಕ್ಷರ.
ಸೊನ್ನೆ ಮರಳಿಸಿತು. ನಮ್ಮಲ್ಲಿ ಸೊನ್ನೆ ಅಂದರೆ ಶುಭ.
ತೋರಿಸು ಅಂದರೆ ಹೊಸತನ್ನೇ ತೋರಿಸಿತು.
ಧಕ್ಕೆಯಿಂದ ಕರೆದೆ. ಉತ್ತರವಿಲ್ಲ.

ವಯರು ಬದಲಿಸಿದೆ. ಆಂಟೆನಾ ಬದಲಿಸಿದೆ.
ಹಾದುಹೋಗುವುದನ್ನೆಲ್ಲ ಕದ್ದು ಕೇಳೋಣವೆಂದು
ಕಾರ್ಡಿನ ಬಾಗಿಲು ಪೂರ್ತಿ ತೆರೆದಿಟ್ಟರೆ ಎಲ್ಲ ಸರಿ,
ಕೇಳುವುದು ನಿಲ್ಲಿಸಿದ ಕೂಡಲೇ ಮತ್ತೆ ಮೌನ.
ನೋಡುತ್ತಿದ್ದರೆ ಮಾತ್ರ ಓದುವ ಮಕ್ಕಳ ಹಾಗೆ.
ಎರಡು ದಿನ ಕಾದ ಮೆಂಡನ್ನರು
"ನಿಮ್ಮ ಪೆಟ್ಟಿಗೆಗೆ ಬಂಗುಡೆ ಕಾಯುವುದಿಲ್ಲ ಮಾರಾಯ್ತಿ"
ಎಂದು ಬೋಟು ಬಿಡಿಸಿಯೇಬಿಟ್ಟರು.

ಮರುದಿನ ಸಂಜೆ ವಯರ್‌ಲೆಸ್ಸಿನ ಮುಂದೆ ಅವರೇ ಕೂತಿದ್ದರು.
ಕಡಲ ಕನ್ನಿಕೆ, ಕಡಲ ಕನ್ನಿಕೆ, ಮಲ್ಪೆ.
ಕಡಲ ಕನ್ನಿಕೆ, ಮಲ್ಪೆ.
ಗರಗರ ಬಿಟ್ಟರೆ ಏನೂ ಇಲ್ಲ. ಅವರ ಕುತ್ತಿಗೆ ಬೆವರಿತ್ತು.
ಶೈಲೇಶ ಮೈಕು ಕಿತ್ತುಕೊಂಡು, ಯಾಕೆಂದು ಅವನಿಗೂ ತಿಳಿಯದು,
ಸಮುದ್ರ ದೀಪ, ಅಂದ.
"ಹಾಂ, ಹೇಳಿ! ಆಗಿನಿಂದ ಕಿವಿಗೊಟ್ಟು ಕೂತಿದ್ದೇನೆ.
ಯಾರೋ ಕನ್ನಿಕೆಯನ್ನು ಕರೆಯುತ್ತಾ ಇದ್ದಾರೆ ಪಾಪ,
ನಮ್ಮನ್ನು ಯಾರೂ ಕರೆಯಲಿಲ್ಲ."

ಮೆಂಡನ್ನರು ನಕ್ಕರು, ಬೈದರು, ಮತ್ತೆ ನಕ್ಕರು.
ನಾನು ಮೆಟ್ಟಿಲು ಹತ್ತಿ ಓಡಿದೆ.

ಆ ಆಳಿನ ಕೆಲಸ ತೆರೆದು ಓದಿದೆ ಮೊದಲ ಸಲ.
ನಾಲ್ಕೈದು ಸಾಲು. ವಿಳಾಸ ನೆಟ್ಟಗಿದೆಯೇ ನೋಡುತ್ತದೆ,
ಕರ್ನಲ್ಲಿನ ಪುಸ್ತಕದಲ್ಲಿ ತಿದ್ದುತ್ತದೆ,
ಆಯಿತು ಅನ್ನುತ್ತದೆ.
ಕಾರ್ಡಿಗೆ ಹೇಳುವುದಿಲ್ಲ. ಹೇಗೆ ಹೇಳೀತು?
ಯಾವ ಕಾರ್ಡು, ಅದಕ್ಕೆ ಕಿವಿ ಎಲ್ಲಿ, ಅದಕ್ಕೇನು ಗೊತ್ತು.
ಗೊತ್ತಿದ್ದವಳು ಚಹಾಕ್ಕೆ ಹೋಗಿದ್ದಳು.
ಹೊರಟ ಮಾತೆಲ್ಲ ಹೊಸ ವಿಳಾಸ ಹೊತ್ತು ಹೋಗುತ್ತಿತ್ತು,
ಬಂದ ಉತ್ತರವನ್ನು ಕಾರ್ಡು ಹೊಸ್ತಿಲಲ್ಲೇ
ಈ ಮನೆಯಲ್ಲ ಎಂದು ಕಳಿಸುತ್ತಿತ್ತು, ಪ್ರಾಮಾಣಿಕವಾಗಿ.

ಹನ್ನೊಂದು ಸಾಲು ಬರೆದೆ.
ಮೊದಲು ಅದೇ ಹಳೆಯ ಆಳನ್ನು ಕರೆದು ಪುಸ್ತಕ ತಿದ್ದಿಸಿ,
ಆಮೇಲೆ ಕಾರ್ಡಿನ ಕಿವಿಯಲ್ಲಿ ಆರು ಬೈಟು ಊದುವುದು.
ಉಳಿದ ಎರಡು ಮನೆಗಳಲ್ಲಿ ಊರಿನವರನ್ನೇ ಬಿಟ್ಟೆ,
ಅಲ್ಲಿ ಅವರಷ್ಟು ಚೆನ್ನಾಗಿ ನಾನೂ ಮಾಡಲಾರೆ.

ಬೋಟು ಬಂದ ದಿನ ಖಾರ್ವಿಯನ್ನು ಮೂತಿಯ ಮುಂದೆ ನಿಲ್ಲಿಸಿ
ಇಗ್ನೇಶಿಯಸ್ ಒಂದೊಂದೇ ಅಕ್ಷರ ತೋರಿಸಿದ.
ಆತ ತಲೆಯಾಡಿಸಿದ. ಈಗ ಕನ್ನಿಕೆ ಅಂದರೆ ಓಗೊಡುತ್ತಾನೆ,
ಮೂರನೆಯ ಕರೆಗೆ.