ಚೆಂಡು ತರಲು ಹೋದಾಗ

ಗೇಟಿನಲ್ಲಿ ಥೆಲ್ಮಾ, ಬಿಸ್ಕತ್ತಿನ ಡಬ್ಬಿಯಲ್ಲಿ ಚಿಲ್ಲರೆ.
ಟಿಕೇಟು ಎಂಟು ಪೌಂಡು, ಮುದುಕರಿಗೆ ಐದು.
ವಯಸ್ಸು ಕೇಳಲಿಲ್ಲ, ಮುಖ ನೋಡಿಯೇ
ಐದರ ಚೀಟಿ ಹರಿದುಕೊಟ್ಟಳು.
ಹೋಗಲಿ ಬಿಡು, ಉಳಿದ ಮೂರು
ಒಂದು ಮಾಂಸದ ಪೈಗೆ ಸರಿಹೋಯಿತು.

ವಿನ್‌ಮತ್ ರೋವರ್ಸ್ ಮೈದಾನ ತುಸು ಓರೆ,
ಸಮುದ್ರದ ಕಡೆಗೆ ವಾಲಿದೆ.
ಮೊದಲರ್ಧ ಇಳಿಜಾರಿಗೆ ಆಡಿದರೆ
ಮಿಕ್ಕರ್ಧ ಏರಿಗೆ, ಎದುರು ಗಾಳಿಗೆ.
ಬಾಳೂ ಹೀಗೇ ಅಲ್ಲವೇ ಎಂದು
ಪ್ರತಿ ಶನಿವಾರ ಯಾರಾದರೊಬ್ಬರು ಅಂದೇ ಅನ್ನುತ್ತಾರೆ.
ಯಾರೂ ಹೂಂಗುಟ್ಟುವುದಿಲ್ಲ.

ತಗಡಿನ ಸೂರಿನ ಕೆಳಗೆ ನಮ್ಮದು ಮೂರನೇ ಮೆಟ್ಟಿಲು:
ನಾನು, ಕತ್‌ಬರ್ಟ್, ಅವನ ಮೊಮ್ಮಗಳು ಇಮೊಜೆನ್,
ಕಾಲ ಬುಡದಲ್ಲಿ ಅವನ ನಾಯಿ,
ಅದಕ್ಕೂ ಒಂದು ಮಫ್ಲರು, ಕಪ್ಪು ಹಳದಿ ಪಟ್ಟಿಯದು.
ಗೋಲಿನಲ್ಲಿ ನಿಂತವನು ಪ್ರೌಡ್‌ಲಾಕ್, ಕಸುಬಿನಲ್ಲಿ ಪ್ಲಂಬರು.
ನಮ್ಮನೆ ಬಾಯ್ಲರು ಬಿಚ್ಚಿಟ್ಟು ಹೋಗಿ ಹನ್ನೊಂದು ದಿನ.
ಅವನು ಚೆಂಡಿಗೆ ಹಾರಿದಾಗಲೆಲ್ಲ ನನ್ನೆದೆ ಹಾರುತ್ತದೆ:
ಬೆರಳು ಮುರಿದುಕೊಂಡೀಯ ಪುಣ್ಯಾತ್ಮ,
ಸೋಮವಾರದ ತನಕ ತಾಳು.

ಆಟ? ಆಟದ್ದೇನು ಹೇಳಲಿ.
ಕೆಸರಲ್ಲಿ ಬಿದ್ದುಹೋದ ಉಂಗುರವನ್ನು
ಇಪ್ಪತ್ತೆರಡು ಜನ ಕಾಲಲ್ಲೇ ಹುಡುಕಿದ ಹಾಗೆ.
ಲೈನ್ಸ್‌ಮನ್ ನಮ್ಮಿಂದ ನಾಲ್ಕೇ ಮಾರು ದೂರ,
ಬೈದರೆ ಕಿವಿ ಕೆಂಪಾಗುವುದು ಕಾಣುತ್ತದೆ.
ಅದಕ್ಕೇ ಕತ್‌ಬರ್ಟ್ ಮೊದಲು
"ಬೇಜಾರು ಮಾಡಿಕೊಳ್ಳಬೇಡ ಮಗನೇ" ಅನ್ನುತ್ತಾನೆ,
ಆಮೇಲೆ ಅವನ ಕಣ್ಣು, ಕನ್ನಡಕ, ವಂಶ
ಎಲ್ಲವನ್ನೂ ಜಾಲಾಡುತ್ತಾನೆ.

ಎಪ್ಪತ್ತನೇ ನಿಮಿಷ.
ಕೋಲ್ಡನ್ ಹಿಲ್ಲಿನ ದಪ್ಪ ಡಿಫೆಂಡರ್ ಒದ್ದ ಒದೆತಕ್ಕೆ
ಚೆಂಡು ಸೂರು ದಾಟಿ, ಬೇಲಿ ದಾಟಿ,
ಕಡಲಹಕ್ಕಿಗಳನ್ನು ಬೆದರಿಸಿ ಆಚೆಗೆ ಬಿತ್ತು.
ಕ್ಲಬ್ಬಿಗೆ ಇರುವುದು ಮೂರೇ ಚೆಂಡು,
ಒಂದರಲ್ಲಿ ಗಾಳಿ ನಿಲ್ಲುವುದಿಲ್ಲ.
ಬಾಗಿಲ ಹತ್ತಿರ ಇದ್ದವನು ನಾನು.
ಹೊರಟೆ, ಪೈ ಕೈಯಲ್ಲೇ.

ಬೇಲಿಯಾಚೆ ಊರವರ ತರಕಾರಿ ಪಾತಿಗಳು.
ಲೀಕ್ ಗಿಡಗಳ ನಡುವೆ ಚೆಂಡು
ಯಾವುದೋ ದೊಡ್ಡ ಹಕ್ಕಿ ಇಟ್ಟ ಮೊಟ್ಟೆ.
ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತ ರಿಡ್ಲಿ.
ಹುಲ್ಲಿನ ರೋಲರನ್ನು ತನ್ನ ಕೇಳದೆ ಮಾರಿದರೆಂದು
ಕಮಿಟಿಯವರ ಮುಂದೆ ಟೊಪ್ಪಿ ಎಸೆದು ಎದ್ದು ಬಂದವನು,
ಇಪ್ಪತ್ತಮೂರು ವರ್ಷವಾಯಿತು, ಒಳಗೆ ಕಾಲಿಟ್ಟಿಲ್ಲ.

"ಶ್ಶ್" ಅಂದ, ನಾನು ಬಾಯಿ ತೆರೆಯುವ ಮುಂಚೆ.
ಲೌಡ್‌ಸ್ಪೀಕರು ಕೆಮ್ಮಿತು: ಇಂದಿನ ಪ್ರೇಕ್ಷಕರು
ನೂರ ನಲವತ್ತೊಂದು.
"ಕಮ್ಮಿ" ಎಂದು ಗೊಣಗಿದ.
ಆಮೇಲೆ ಒಂದು ಸದ್ದು,
ಎಲ್ಲರೂ ಒಟ್ಟಿಗೆ ಉಸಿರು ಒಳಗೆಳೆದ ಸದ್ದು.
ಐವತ್ತು ವರ್ಷದಲ್ಲಿ ಅದನ್ನು ಕೇಳಿಯೇ ಇರಲಿಲ್ಲ ನಾನು,
ಎಳೆದವರಲ್ಲಿ ನಾನೂ ಒಬ್ಬನಾಗಿರುತ್ತಿದ್ದೆನಲ್ಲ.
ಮರುಕ್ಷಣ ತಗಡಿಗೆ ಗುದ್ದು, ನಾಯಿಯ ಬೊಗಳು,
ಗೇಟಿನಿಂದ ಥೆಲ್ಮಾಳ ಕೀರಲು ದನಿ.
ರಿಡ್ಲಿ ಅಂಗೈಯ ಮಣ್ಣು ಕೊಡವಿದ.
"ನಮ್ಮದು. ಎಡಗಡೆಯ ಕಾರ್ನರು. ತಲೆ."

ನಮ್ಮದು ಅಂದನೇ?
ಅಂದ.

ಚೆಂಡನ್ನು ಕೋಟಿನ ತೋಳಿಗೆ ಒರೆಸಿ ಕೊಟ್ಟ,
ಜೊತೆಗೆ ಸೊಂಟ ಮುರಿದ ಒಂದು ಲೀಕು.
"ನಿಮ್ಮ ಚೆಂಡೇ ಮುರಿದದ್ದು. ತಗೊಂಡು ಹೋಗು."

ವಾಪಸು ಬಂದರೆ
ತಲೆಯಲ್ಲ, ಮೊಣಕಾಲು ಅಂತ ಕತ್‌ಬರ್ಟ್.
ಅವರದೇ ಡಿಫೆಂಡರನ ಬೆನ್ನು ಅಂತ ಇಮೊಜೆನ್.
ನಾನು ವಾದಕ್ಕೆ ಹೋಗಲಿಲ್ಲ.
ಆದರೆ ಕೊನೆಯ ಹದಿನೈದು ನಿಮಿಷ
ಎಂದೂ ಇಲ್ಲದ ಹಾಗೆ ಗಂಟಲು ಹರಿದುಕೊಂಡೆ:
ಆಫ್‌ಸೈಡು! ಥ್ರೋ ಅವರದು!
ಹದಿನಾಲ್ಕನೇ ನಂಬರಿನವನು ಒಳಗೆ ಬಂದ, ಕೆಂಚು ಕೂದಲಿನವನು!
"ನಮಗೂ ಕಣ್ಣಿದೆ ಮಾರಾಯ" ಅಂದ ಕತ್‌ಬರ್ಟ್.
ನಾನು ಬೇಲಿಯ ಕಡೆ ತಿರುಗಿ ಇನ್ನೂ ಜೋರಾಗಿ ಕೂಗಿದೆ.

ಶಿಳ್ಳೆ ಊದಿದ ಮೇಲೆ
ಪ್ರೌಡ್‌ಲಾಕ್ ಕೈಗವಸು ಬಿಚ್ಚುತ್ತ ಈ ಕಡೆ ಬಂದ.
ಹತ್ತೂ ಬೆರಳು ಎಣಿಸಿದೆ.
"ಸೋಮವಾರ" ಅಂದ, ನಾನು ಕೇಳುವ ಮೊದಲೇ.
ನನ್ನ ಜೇಬಿನಿಂದ ಇಣುಕುತ್ತಿದ್ದ ಲೀಕನ್ನು ನೋಡಿದ.
ಒಲೆಯಂತೂ ಉರಿಯುತ್ತದೆ, ಸೂಪಾದರೂ ಆದೀತು.